ಪ್ರೋಖೋರನ ಉತ್ತರ

ಯೆಫೀಮ್ ಇನ್ನೊಂದು ಹುಲ್ಲಿನ ಕಂತೆ ತರಲೆಂದು ಮಾಡಿನ ಅಂಚಿಗೆ ತೆವಳಿ ಬಂದಾಗ ಏಣಿ ಇರಲಿಲ್ಲ. ಅದು ಕೆಳಗೆ ಅಂಗಳದ ಕೆಸರಿನಲ್ಲಿ ಬಿದ್ದಿತ್ತು. ಅದರ ಮೇಲೆ ಒಂದು ಕಾಲಿಟ್ಟುಕೊಂಡು ಪೆಲಗೇಯಾ ನಿಂತಿದ್ದಳು.

"ಏನತ್ತಿಗೆ ಇದು ಹುಡುಗಾಟ? ಏಣಿ ಇಡಿ. ಮಳೆ ಬರೋದ್ರೊಳಗೆ ಉಸ್ತೀನ್ಯಾಳ ಮನೆ ಮಾಡಿಗೆ ಹುಲ್ಲು ಹೊದಿಸಿ ಮುಗಿಸಬೇಕು."

"ಮುಗಿಸುವಂತೆ, ಅವಸರ ಏನಿದೆ? ಊರಿಗೆ ಬಂದಾಗಿಂದ ನನ್ನ ಕಂಡ್ರೆ ಬೇರೆ ದಾರಿ ಹಿಡೀತಿದ್ದೀಯ. ಇವತ್ತು ಯಾವ ದಾರಿ ಹಿಡೀತೀಯ, ನಾನೂ ನೋಡ್ತೀನಿ."

ಹಾರುವಂತಿರಲಿಲ್ಲ. ಬರ್ಲಿನ್ನಿನ ಹತ್ತಿರ ಸಿಡಿದ ಚೂರೊಂದು ಅವನ ಎಡಮೊಣಕಾಲನ್ನು ಮರದ ಕೊರಡು ಮಾಡಿಬಿಟ್ಟಿತ್ತು. ವೊಲೊಗ್ದಾ ಸೀಮೆಯ ಆ ಹಳ್ಳಿಯಿಂದ ಯುದ್ಧಕ್ಕೆ ಹೋದ ಗಂಡಸರಲ್ಲಿ ಜೀವ ಉಳಿಸಿಕೊಂಡು ಬಂದವನು ಅವನೊಬ್ಬನೇ. ಬಂದ ಹೊಸದರಲ್ಲಿ ಹೆಂಗಸರು ಬೇಯಿಸಿದ ಆಲೂಗಡ್ಡೆ, ಉಪ್ಪು ಹಾಕಿದ ಅಣಬೆ ಹಿಡಿದುಕೊಂಡು ಅವನ ಮನೆಗೆ ಬಂದಿದ್ದರು. ನಮ್ಮವನನ್ನು ಎಲ್ಲಾದರೂ ನೋಡಿದೆಯಾ ಎಂದು ಕೇಳಿದ್ದರು. ಅವನು ಎಲ್ಲರಿಗೂ ಏನಾದರೊಂದು ಹೇಳಿ ಸಮಾಧಾನ ಮಾಡಿ ಕಳಿಸಿದ್ದ. ಪೆಲಗೇಯಾಳಿಗೆ ಮಾತ್ರ ಸಿಕ್ಕಿರಲಿಲ್ಲ. ಅವಳ ಗಂಡ ಪ್ರೋಖೋರನೂ ಅವನೂ ಬಾಲ್ಯದ ಗೆಳೆಯರು, ಒಂದೇ ಗಾಡಿಯಲ್ಲಿ ಹೊರಟವರು, ಒಂದೇ ತುಕಡಿಯಲ್ಲಿದ್ದವರು.

"ಹೇಳು. ಪ್ರೋಖೋರ್ ಹೇಗೆ ಸತ್ತ?"

"ದಾಳಿಯಲ್ಲಿ, ಅತ್ತಿಗೆ. ಡಾನ್ ನದಿ ದಡದಲ್ಲಿ. ಎಲ್ಲರಿಗಿಂತ ಮುಂದೆ ಓಡ್ತಿದ್ದ. 'ತಾಯ್ನಾಡಿಗೆ ಜಯವಾಗಲಿ' ಅಂತ ಕೂಗ್ತಾನೇ ಬಿದ್ದ."

ಪೆಲಗೇಯಾ ನಕ್ಕಳು.

"ಮಾರ್ಫಾಳ ಗಂಡ ಎಲ್ಲರಿಗಿಂತ ಮುಂದೆ. ಉಸ್ತೀನ್ಯಾಳ ಮಗ ಎಲ್ಲರಿಗಿಂತ ಮುಂದೆ. ಈಗ ನನ್ನವನೂ ಮುಂದೆ. ಹಿಂದೆ ಇದ್ದೋರು ಯಾರಪ್ಪಾ, ನೀನೊಬ್ಬನೇನಾ? ನನ್ನ ಗಂಡ ನನ್ನ ಹೆಸರು ಹೇಳಿ ಮುಗಿಸೋಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿ ಹೋಗ್ತಿತ್ತು. ಅಂಥ ತೊದಲ ಅಷ್ಟುದ್ದ ಘೋಷಣೆ ಕೂಗಿದ್ನಾ?"

ಯೆಫೀಮ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವಳ ಕಡೆ ನೋಡದೆ ಹೇಳತೊಡಗಿದ.

"ಆ ಬೇಸಿಗೇಲಿ ನಾವು ಬರೀ ಹಿಂದೆ ಹಿಂದೆ ಓಡ್ತಿದ್ವಿ. ಇನ್ಮೇಲೆ ಒಂದು ಹೆಜ್ಜೆ ಹಿಂದಿಟ್ಟವನಿಗೂ ಗುಂಡೇ ಅಂತ ಅಪ್ಪಣೆ ಬಂತು. ಸ್ವಲ್ಪ ದಿನಕ್ಕೇ ಕಂದಕದಲ್ಲಿ ಗುಂಡೆಲ್ಲ ಖಾಲಿ. ಯಾರಾದ್ರೂ ಹಿಂದಕ್ಕೆ ಹೋಗಿ ಪೆಟ್ಟಿಗೆ ತರಬೇಕಿತ್ತು. ನಾನು ಪ್ರೋಖೋರನ್ನ ಕಳಿಸಿದೆ. ದಾರೀಲಿ ನಮ್ಮವನೇ ಒಬ್ಬ ಅಧಿಕಾರಿ ಅವನನ್ನ ಹಿಡಿದು ನಮ್ಮೆದುರಿಗೇ ತಂದು ನಿಲ್ಲಿಸಿದ. 'ಕಂದಕ ಬಿಟ್ಟು ಯಾಕೆ ಓಡಿದೆ, ಹೇಳು' ಅಂದ."

"ಏನಂದ ನನ್ನ ಗಂಡ?"

"'ಗು... ಗು...' ಅಂದ. ಕುತ್ತಿಗೆ ನರ ಉಬ್ಬಿ ಬಂತು. ಅಧಿಕಾರಿಗೆ ಕಾಯೋ ಪುರುಸೊತ್ತಿರಲಿಲ್ಲ."

ಪೆಲಗೇಯಾ ಏಣಿಯ ಮೇಲಿಂದ ಕಾಲು ತೆಗೆದಳು.

"ನೀನು ಅಲ್ಲೇ ಇದ್ದೆ."

"ಇದ್ದೆ."

"ನಿನ್ನ ನಾಲಿಗೆಗೇನಾಗಿತ್ತು?"

"'ನಾನೇ ಕಳಿಸಿದ್ದು.' ಅಷ್ಟು ಹೇಳಿದ್ರೆ ಸಾಕಿತ್ತು. ಅವನು ನನ್ನ ಕಡೆಗೇ ನೋಡ್ತಿದ್ದ, ಅತ್ತಿಗೆ. ಚಿಕ್ಕಂದಿನಲ್ಲಿ ಅಂಗಡೀಲೂ ಅವನ ಪರವಾಗಿ ನಾನೇ ಮಾತಾಡ್ತಿದ್ನಲ್ಲ, ಹಾಗೇ ಈಗಲೂ ಹೇಳ್ತೀನಿ ಅಂತ ಕಾಯ್ತಿದ್ದ. ಬಾಯಿ ಬಿಟ್ಟಿದ್ರೆ ನನ್ನನ್ನೂ ಅವನ ಪಕ್ಕ ನಿಲ್ಲಿಸ್ತಿದ್ರು."

"ನಿಲ್ಲಿಸ್ತಿದ್ರಾ?"

"ಗೊತ್ತಿಲ್ಲ," ಎಂದ ಯೆಫೀಮ್. "ಇವತ್ತಿಗೂ ಗೊತ್ತಿಲ್ಲ."

ಹನಿ ಬೀಳತೊಡಗಿತು. ಪೆಲಗೇಯಾ ಬಗ್ಗಿ ಏಣಿಯನ್ನೆತ್ತಿ ಮಾಡಿಗೆ ಆನಿಸಿದಳು. ಕೊರಡುಗಾಲನ್ನು ಎಳೆದುಕೊಂಡು ಯೆಫೀಮ್ ಇಳಿಯುವವರೆಗೂ ಅದು ಜಾರದಂತೆ ಹಿಡಿದುಕೊಂಡಿದ್ದಳು. ಅವನು ಬಂದು ಅವಳೆದುರು ನಿಂತ. ಬರಿದಲೆಯ ಮೇಲೆ ಮಳೆ ಬೀಳುತ್ತಿತ್ತು.

"ಊರೆದುರಿಗೆ ಹೇಳು ಅಂದ್ರೂ ಹೇಳ್ತೀನಿ, ಅತ್ತಿಗೆ. ಇನ್ನು ಹೆದರಲ್ಲ."

"ಈಗ ಹೇಳ್ತಾನಂತೆ! ಸರ್ಕಾರದವರು ಅವನು ನಾಪತ್ತೆ ಅಂದಿದ್ದಾರೆ. ಅದಕ್ಕೇ ನನ್ನ ಮಕ್ಕಳಿಗೆ ಒಂದಿಷ್ಟು ಹಿಟ್ಟು ಸಿಗ್ತಿದೆ. ಗುಂಡಿಕ್ಕಿಸಿಕೊಂಡ ಹೇಡಿಯ ಮಕ್ಕಳು ಅಂತ ಗೊತ್ತಾದ್ರೆ ಅದೂ ಇಲ್ಲ. ಹೇಳಬೇಕಾದಾಗ ಹೇಳಲಿಲ್ಲ. ಈಗ ಬಾಯಿ ಬಿಟ್ರೆ ಆ ಮಕ್ಕಳನ್ನೂ ಕೊಂದ ಹಾಗೆ."

"ಹಾಗಾದ್ರೆ ಹೊಡೀರಿ. ಹೊಡೆದಾದ್ರೂ ಬಿಡಿ."

ಅವಳ ಕೈ ಮೇಲೆದ್ದಿತು. ಅಷ್ಟರಲ್ಲಿ ಬೇಲಿಯಾಚೆ ಮಾತು, ನಗು ಕೇಳಿಸಿತು. ಆಲೂಗಡ್ಡೆ ಅಗೆದು ಮುಗಿಸಿ ಉಸ್ತೀನ್ಯಾ, ಮಾರ್ಫಾ, ಉಳಿದ ಹೆಂಗಸರೆಲ್ಲ ಮಳೆಗೆ ತಲೆ ಮುಚ್ಚಿಕೊಂಡು ಓಡಿ ಬರುತ್ತಿದ್ದರು. ಪೆಲಗೇಯಾ ಎತ್ತಿದ ಕೈಯನ್ನು ಇಳಿಸಿ, ಯೆಫೀಮನ ಹೆಗಲಿಗೆ ಅಂಟಿದ್ದ ಹುಲ್ಲೆಸಳುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

"ಹೊಡೆದ್ರೆ, ಯಾಕೆ ಅಂತ ಕೇಳ್ತಾರೆ," ಎಂದಳು.