ಹಸಿರು ಪಟ್ಟಿ

ಕ್ಯಾಮೆರಾ ಮುಂದೆ ಮಗು ನಟಿಸಿ ಅಳಬಹುದು, ನಿಜವಾಗಿ ಅತ್ತರೆ ಲೈಸೆನ್ಸ್ ರದ್ದು. ಅದಕ್ಕೇ ಬಾಲನಟರ ಮಣಿಕಟ್ಟಿಗೆ ಸರ್ಕಾರದ ಹಸಿರು ಪಟ್ಟಿ. ಒಳಗೆ ದುಃಖವಾದರೆ ಅದು ಕೆಂಪಾಗುತ್ತದೆ.

ಅಳುವ ದೃಶ್ಯವಿದ್ದ ದಿನ ಆ ಪಟ್ಟಿಯನ್ನು ಜೊತೆಗೆ ಬಂದವರು ಕಟ್ಟಿಕೊಳ್ಳುವುದು ನಮ್ಮ ಸೆಟ್ಟಿನ ವಾಡಿಕೆ. ಇವತ್ತು ತಂಗಿ ಶಾಂಭವಿಯ ಪಟ್ಟಿ ನನ್ನ ಕೈಯಲ್ಲಿತ್ತು. ಅವಳಿಗೆ ಆರು ವರ್ಷ.

"ನೀನು ಬಾಗಿಲ ಹಿಂದೆ ನಿಂತ್ಕೊಳಮ್ಮ, ಉಸಿರೆತ್ತಬೇಡ," ಎಂದು ನನಗೆ ಹೇಳಿದ ನಿರ್ದೇಶಕರು ಅವಳ ಮುಂದೆ ಬಗ್ಗಿದರು. "ಪುಟ್ಟಿ, ನಿಮ್ಮಕ್ಕ ನಿನ್ನ ಬಿಟ್ಟು ಊರಿಗೆ ಹೋದ್ಲು ಕಣೆ. ಇನ್ನು ಬರಲ್ವಂತೆ."

"ಸುಳ್ಳು! ನನ್ ಚಪ್ಲಿ ಅಕ್ಕನ ಹತ್ರಾನೇ ಇದೆ," ಎಂದಳು ಶಾಂಭವಿ. ಆಮೇಲೆ ಸುತ್ತಲೂ ನೋಡಿದಳು. "ಅಕ್ಕಾ!" ಎಂದು ಕೂಗಿ ಅಳತೊಡಗಿದಳು.

ಚಪ್ಪಲಿ ನನ್ನ ಕಂಕುಳಲ್ಲಿತ್ತು. ನಾನು ಕದಲಲಿಲ್ಲ.

ಹೊರಗೆ ಕುಳಿತಿದ್ದ ಸರ್ಕಾರದ ಲೈಸೆನ್ಸ್ ಮೇಡಂ, ಪಟ್ಟಿಯ ಬಣ್ಣ ತೋರಿಸುವ ತಮ್ಮ ಮೊಬೈಲ್ ನೋಡಿ, "ಪೂರ್ತಿ ಹಸಿರೇ ಇದೆ. ಏನು ಆ್ಯಕ್ಟಿಂಗ್ ಮಾಡ್ತಾಳ್ರೀ ಈ ಹುಡುಗಿ!" ಎಂದರು.

ಮಣಿಕಟ್ಟು ನೋಡಿಕೊಂಡೆ. ಅವಳ ಅಷ್ಟು ಅಳು ಕೇಳಿಯೂ ನನ್ನ ಕೈಯಲ್ಲಿ ಅದು ಹಸಿರಾಗಿಯೇ ಇತ್ತು.

ಶಾಟ್ ಮುಗಿದಾಗ ಶಾಂಭವಿ ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. ಬಿಕ್ಕುವುದು ಪೂರ್ತಿ ನಿಲ್ಲಲಿ ಎಂದು ಕಾದು, ಆಮೇಲಷ್ಟೇ ಪಟ್ಟಿಯನ್ನು ಅವಳ ಕೈಗೆ ಕಟ್ಟಿದೆ.