ಗೇಟಿನ ಮುಂದೆ ಮಂದಾಕಿನಿಯ ನಗು

ಹುಬ್ಬಳ್ಳಿಯ ಶಾಲೆಗಳ ಗೇಟು ಈಗ ತಾಯಿಯ ನಗು ಗುರುತಿಸಿಯೇ ಮಕ್ಕಳನ್ನು ಹೊರಗೆ ಬಿಡುತ್ತದೆ. ಕಿವಿಯ ಬುಡದ ಗಡ್ಡೆ ತೆಗೆಯುವಾಗ ನರಕ್ಕೆ ಪೆಟ್ಟಾಗಿ ಮಂದಾಕಿನಿಯ ಎಡಗೆನ್ನೆ ಜೋತುಬಿದ್ದಿತ್ತು. ಗೇಟು ಅವಳನ್ನು ಗುರುತಿಸದಾದಾಗ ನಾದಿನಿಯ ನಗುವನ್ನು ಅದಕ್ಕೆ ನೋಂದಾಯಿಸಿದರು; ಅಂದಿನಿಂದ ಮಗಳನ್ನು ಕರೆತರುವುದು ನಾದಿನಿಯ ಪಾಲಾಯಿತು.

ಥೆರಪಿಸ್ಟ್ ಇರ್ಫಾನಾ ದಿನವೂ ಆ ಕೆನ್ನೆಗೆ ತಣ್ಣನೆಯ ಜೆಲ್ ಸವರಿ, ನರ ಚೇತರಿಸಲೆಂದು ಅಲ್ಟ್ರಾಸೌಂಡ್ ಚಿಕಿತ್ಸೆ ಕೊಡುತ್ತಿದ್ದಳು. ಕೊನೆಗೊಮ್ಮೆ ತುಟಿಯ ತುದಿ ಅಲುಗಿತು.

"ಬಂತ್ ನೋಡ್ರಿ ಅಕ್ಕಾರ!" ಎಂದು ಕನ್ನಡಿ ಹಿಡಿದಳು.

ತುಟಿ ಮೇಲೇಳುವಾಗ ಎಡಗಣ್ಣೂ ಜೊತೆಗೇ ಮುಚ್ಚಿಕೊಳ್ಳುತ್ತಿತ್ತು.

"ಇದು ಹೋಗ್ತೈತೇನ?" ಎಂದು ಮಂದಾಕಿನಿ ಕೇಳಿದಳು.

"ಇಲ್ರೀ. ನರ ದಾರಿ ತಪ್ಪಿ ಬೆಳದೈತ್ರಿ. ಇನ್ನ ಇದಕ್ಕ ಒಗ್ಗಿಕೋಬೇಕ್ರಿ."

ಆದರೂ ಮಂದಾಕಿನಿ ನೇರವಾಗಿ ಶಾಲೆಗೆ ಹೋಗಿ ಗೇಟಿನ ಮುಂದೆ ನಕ್ಕಳು. ಅದು ತೆರೆಯಲಿಲ್ಲ. ಹೊಸ ನಗುವನ್ನು ಮಗು ಒಪ್ಪಬೇಕು ಎಂದಿತು. ಪುಟ್ಟ ಮಗಳು ತನ್ವಿ ಕಂಬಿಯಾಚೆ ಬಂದು ನಿಂತಳು.

"ಇದು ನಿಮ್ಮ ತಾಯಿಯ ನಗುವೇ?" ಎಂದು ಗೇಟು ಕೇಳಿತು.

ಮಂದಾಕಿನಿ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಮತ್ತೆ ನಕ್ಕಳು. ತನ್ವಿಯ ಗಲ್ಲ ನಡುಗಿತು.

"ನಗಬ್ಯಾಡವ್ವಾ... ನಂಗ ಅಂಜಿಕಿ ಬರ್ತೈತಿ!"

ಗೇಟು ಅದನ್ನು ಇಲ್ಲವೆಂದೇ ತಿಳಿದು ಮಗುವನ್ನು ಒಳಗೆ ಕಳಿಸಿತು. ಮಂದಾಕಿನಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಾದಿನಿಗೆ ಫೋನು ಮಾಡಿದಳು.

"ನೀನ ಬಾರವ್ವಾ. ಆಕಿ ಅಳಾಕತ್ಯಾಳ."