ಒಂದು ಗಂಟೆಯ ಕೆಂಪು ಟವೆಲು

ಕೊಲ್ಲಂ ಕಡಲಿನಾಣೆ, ಇದು ನಡೆದದ್ದೇ. ಸುಳ್ಳಾಗಿದ್ದರೆ ಇನ್ನು ನನ್ನ ಪಾಯಸಕ್ಕೆ ಒಂದೇ ಒಂದು ಗೋಡಂಬಿ ಬೀಳದಿರಲಿ.

ಗೋಡಂಬಿ ಕಾರ್ಖಾನೆಯ ಊಟದ ಸೈರನ್ ಕೂಗಿದ್ದೇ ತಡ, ರಘೂತ್ತಮನ್ ಎರಡೂ ಕಿವಿ ಮುಚ್ಚಿಕೊಂಡು ಓಡಿದ. ವಿಲಾಸಿನಿ ಟೀಚರ್ ಕೊಡೆ ಹಿಡಿದು ಬೆನ್ನಟ್ಟಿದರು. ದೋಣಿಕಟ್ಟೆಯ ಹತ್ತಿರ ಸಿಕ್ಕಿದ. ಇಪ್ಪತ್ತೆಂಟರ ಆಳು. ಆಟಿಸಂ ಇರುವ ಅವನನ್ನು ಒಂದು ಕೆಲಸಕ್ಕೆ ಹಚ್ಚಲು ಟೀಚರ್ ಹನ್ನೊಂದು ಕಾರ್ಖಾನೆಗಳ ಮೆಟ್ಟಿಲು ಸವೆಸಿದ್ದರು. ಇದು ಹನ್ನೆರಡನೆಯದು. ಅವನಿಗೆ ಗೊತ್ತಿದ್ದ ಒಂದೇ ಬಸ್ಸಿನ ದಾರಿಯಲ್ಲಿ ಹದಿಮೂರನೆಯದು ಇರಲಿಲ್ಲ.

ವಾಪಸ್ ಬಂದರೆ ಬಾಗಿಲಲ್ಲೇ ಮೇಸ್ತ್ರಿ ತಂಗಪ್ಪನ್. "ಮೂರು ದಿನ, ಮೂರು ಓಟ! ಟೀಚರೇ, ಇದು ಓಟದ ಮೈದಾನ ಅಲ್ಲ. ನಾಳೆಯಿಂದ ಬೇಡ."

"ಕೆಲಸದಲ್ಲಿ ತಪ್ಪೇನಾದ್ರೂ ಮಾಡಿದ್ನಾ?"

"ಅದೇ ನನ್ನ ಹೊಟ್ಟೆಯುರಿ. ನಾನೇ ನೋಡಿ ಸರಿ ಅಂದ ಇಡೀ ಗೋಡಂಬಿಯ ಡಬ್ಬಿಯಿಂದ ಒಂಬತ್ತು ಒಡಕು ಹೋಳು ಆರಿಸಿ ನನ್ನ ಕೈಗೇ ಕೊಟ್ಟ! ಕಿವಿಗೆ ಹತ್ತಿ ಇಡೋಕಾಗಲ್ವಾ?"

"ಹತ್ತಿ ಆಯ್ತು, ಅದರ ಮೇಲೆ ಹೆಡ್‌ಫೋನೂ ಆಯ್ತು. ನಿಮ್ಮ ಸೈರನ್ನು ಕಡಲಿನ ಮೀನನ್ನೂ ಓಡಿಸುತ್ತೆ, ಮೇಸ್ತ್ರಿ." ಟೀಚರ್ ಗೋಡಂಬಿ ಮೂಟೆಯ ಮೇಲೆ ಕೊಡೆ ಊರಿ ಕೂತರು. "ಇವನಿಗೆ ಕೆಲಸ ಇದೆ ಅನ್ನೋ ತನಕ ನಾನು ಏಳಲ್ಲ. ಬೇಕಾದ್ರೆ ಮೂಟೆ ಸಮೇತ ಹಡಗಿಗೆ ಹಾಕಿ."

ರಘೂತ್ತಮನ್ ಗೋಡೆ ನೋಡುತ್ತಾ ಹೇಳಿದ: "ಸೈರನ್ ಸರಿ ಇಲ್ಲ. ಮೊನ್ನೆ ಎರಡು ನಿಮಿಷ ತಡ. ನಿನ್ನೆ ಮೂರು. ಇವತ್ತು ನಾಲ್ಕೂವರೆ."

ಸೈರನ್ ಒತ್ತುವುದು ಮೇಸ್ತ್ರಿಯ ಬೆರಳು. ಊಟದ ಬುತ್ತಿ ಬಿಚ್ಚಿದ್ದ ಇನ್ನೂರು ಹೆಂಗಸರ ಕೈ ಬಾಯಿಯ ಹತ್ತಿರವೇ ನಿಂತಿತು.

"ತಂಗಪ್ಪನ್ ಚೇಟ್ಟಾ," ಅವರ ನಡುವಿನಿಂದ ರುಕ್ಕಿಯಮ್ಮ ಎದ್ದಳು, "ನಮ್ಮ ಊಟದ ನಿಮಿಷಗಳು ಯಾರ ಹೊಟ್ಟೆಗೆ ಹೋದ್ವು?"

ಮೇಸ್ತ್ರಿ ರಘೂತ್ತಮನ್ ಕಡೆ ತಿರುಗಿದ. "ಹಾಗಾದ್ರೆ ಟೈಮು ನೀನೇ ಹೇಳೋ! ಇನ್ನೂರು ಜನಕ್ಕೆ ಕೇಳೋ ಹಾಗೆ ಕೂಗ್ತೀಯಾ?"

"ಕೂಗಲ್ಲ. ತೋರಿಸ್ತೀನಿ." ರಘೂತ್ತಮನ್ ಮೇಸ್ತ್ರಿಯ ಹೆಗಲಿನ ಕೆಂಪು ಟವೆಲು ಎಳೆದುಕೊಂಡ.

ಮಾರನೆಯ ದಿನ ಗಡಿಯಾರದ ಮುಳ್ಳು ಒಂದನ್ನು ಮುಟ್ಟಿದ ಕ್ಷಣ ಸ್ಟೂಲ್ ಹತ್ತಿ ಟವೆಲು ಎತ್ತಿದ. ಇನ್ನೂರು ಹೆಂಗಸರು ಒಟ್ಟಿಗೆ ಎದ್ದರು. ಕಿಟಕಿಯಲ್ಲಿ ಅದನ್ನು ಕಂಡು ಹಿನ್ನೀರಿನ ದೋಣಿಗಳೂ ಊಟಕ್ಕೆಂದು ದಡಕ್ಕೆ ತಿರುಗಿದವು. ಈಗ ಎರಡು ವರ್ಷವಾಯಿತು. ಸೈರನ್ನಿನ ಬಾಯೊಳಗೆ ಕಾಗೆ ಸಂಸಾರ ಹೂಡಿದೆ, ಮೂರು ಮೊಟ್ಟೆ.

ನಗಬೇಡಿ. ನಿಮ್ಮ ಅಂಗಡಿಯಲ್ಲಿ ಸಾಮಾನು ಜೋಡಿಸಲು ಜನ ಬೇಕಂತಲ್ಲ? ಟೀಚರ್ ನಾಳೆ ಹತ್ತಕ್ಕೆ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಾರೆ, ಕೊಡೆಯ ಸಮೇತ. ಅಷ್ಟರೊಳಗೆ ಆ ಕಿರುಗುಟ್ಟುವ ಫ್ಯಾನಿಗೆ ಎರಡು ಹನಿ ಎಣ್ಣೆ ಬಿಟ್ಟಿರಿ.